ಮೂಗಹಳ್ಳದ ಈಚೆ ದಡ

ಬೇರೆ ಊರುಗಳಲ್ಲಿ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಂತೆ. ನಮ್ಮೂರಲ್ಲೂ ಮುತ್ತು ಒಡೆದರೆ ಹೋಗುತ್ತದೆ, ಅದು ನಿಜ. ಮಾತು ಮಾತ್ರ ಹೋಗುವುದಿಲ್ಲ. ಕಾಡಿನಲ್ಲಿ ಆಡಿದ ಮಾತು ಎಂಟನೇ ದಿನಕ್ಕೆ, ಆಡಿದ ಹೊತ್ತಿಗೇ ಸರಿಯಾಗಿ, ಊರ ನಡುವಿನ ಬಾವಿಕಟ್ಟೆಯ ಮೇಲೆ ಬಂದು ಕೇಳಿಸುತ್ತದೆ. ಸೋಮವಾರದ ಮಾತು ಮುಂದಿನ ಸೋಮವಾರ, ಮಂಗಳವಾರದ್ದು ಮಂಗಳವಾರ. ಆಡಿದವರು ಎದುರು ಮನೆಯ ಹೆಂಚಿನ ಮೇಲೆ ಕೂತು ಆಡಿದಷ್ಟು ಸ್ಪಷ್ಟ. ಯಾಕೆ ಅಂತ ನನ್ನನ್ನು ಕೇಳಬೇಡಿ. ಕೋಳಿ ಯಾಕೆ ಕೂಗುತ್ತದೆ ಅಂತ ನಿಮ್ಮೂರಲ್ಲಿ ಯಾರಾದರೂ ಕೇಳುತ್ತಾರೆಯೇ?

ಅದಕ್ಕೇ ನಮ್ಮವರು ಕಾಡಿಗೆ ಹೋಗುವಾಗ ಬಾಯಿ ತುಂಬ ಎಲೆಯಡಿಕೆ ತುರುಕಿಕೊಂಡು ಹೋಗುತ್ತಾರೆ. ಸೌದೆಗೆ ಹೋದ ಹೆಂಗಸರು ಅತ್ತೆಯ ಸುದ್ದಿ ಎತ್ತುವುದಿಲ್ಲ, ಎತ್ತಿದರೂ ಬರೀ ಕೈಸನ್ನೆಯಲ್ಲೇ ಅವಳ ಮೂಗು, ನಡಿಗೆ, ಜಿಪುಣತನ ಎಲ್ಲ ಮಾಡಿ ತೋರಿಸುತ್ತಾರೆ. ಹೊಸ ಸೊಸೆ ಬಂದರೆ ನಾವು ಮೊದಲು ಒಲೆ ತೋರಿಸುವುದಿಲ್ಲ. ಕಾಡಿನ ದಾರಿ ತೋರಿಸಿ, ತುಟಿಯ ಮೇಲೆ ಬೆರಳಿಟ್ಟು ಹೇಳಿಕೊಡುತ್ತೇವೆ. ಒಮ್ಮೆ ಎಮ್ಮೆ ಸಾಕುವ ನಮ್ಮ ಜವನಯ್ಯ ಕಾಡಿನಲ್ಲಿ "ಹುಲಿ, ಹುಲಿ, ಓಡ್ರೋ" ಅಂತ ಕಿರುಚಿಕೊಂಡು ಊರಿಗೆ ಬಂದ. ಎಂಟನೇ ದಿನ ಅದೇ ಕೂಗು ಬಾವಿಕಟ್ಟೆಗೆ ಬಂತು. ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಜವನಯ್ಯನೇ ಎಲ್ಲರಿಗಿಂತ ಮೊದಲು ಎದ್ದು ಓಡಿದ. ಮೂರು ದಿನ ಪಕ್ಕದೂರಲ್ಲಿ ಇದ್ದು ಬಂದ.

ಇದಕ್ಕೆಲ್ಲ ಒಂದೇ ಒಂದು ಗಡಿ ಇದೆ. ಕಾಡಿನೊಳಗೆ ಹರಿಯುವ ಮೂಗಹಳ್ಳ. ಅದರ ಆಚೆ ದಡದಲ್ಲಿ ಗಂಟಲು ಹರಿಯುವ ಹಾಗೆ ಅರಚಿದರೂ ಊರಿಗೆ ಒಂದು ಪಿಸುಮಾತು ಬರುವುದಿಲ್ಲ. ಗಂಡಹೆಂಡತಿ ಮನಸ್ಸು ಬಿಚ್ಚಿ ಜಗಳ ಆಡಬೇಕಾದರೆ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಆಡಿ, ಬುತ್ತಿ ಉಂಡು ಬರುತ್ತಾರೆ.

ನಾನು ಹೊಂಬಾಳಮ್ಮ. ನನ್ನ ಮನೆ ಬಾವಿಕಟ್ಟೆಯ ಎದುರಿಗೇ ಇದೆ. ಅದರ ಜಗಲಿ ಎಷ್ಟು ದೊಡ್ಡದೆಂದರೆ, ಅಲ್ಲಿ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳ ಮದುವೆಯನ್ನೂ ಅಲ್ಲೇ ಮಾಡಬಹುದು. ಸರಿ, ಹದಿನೈದು ಜನ ಕೂರಬಹುದು. ಅವರೆಕಾಯಿ ಕಾಲದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬೀದಿಯ ಹೆಂಗಸರೆಲ್ಲ ನೆನೆಹಾಕಿದ ಅವರೆಕಾಳಿನ ಬೋಗುಣಿ ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಪಚಕ್ ಅಂತ ಬೇಳೆ ಆಚೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಹಿತುಕಿ ಹಿತುಕಿ ಬೆರಳು ಸುಕ್ಕಾಗುವವರೆಗೂ ಒಬ್ಬರು ಕತೆ ಹೇಳಬೇಕು. ಕತೆ ಹೇಳುವವರು ಮಣೆಯ ಮೇಲೆ ಕೂರುತ್ತಾರೆ, ಅವರ ಪಾಲಿನ ಕಾಳನ್ನು ಕೇಳುವವರು ಹಿತುಕಿಕೊಡುತ್ತಾರೆ. ಇದು ನಮ್ಮ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಇಪ್ಪತ್ತು ವರ್ಷದಿಂದ ಆ ಮಣೆ ನನ್ನದು. ಇಪ್ಪತ್ತು ವರ್ಷದಿಂದ ನಾನು ಒಂದು ಅವರೆಕಾಳು ಹಿತುಕಿಲ್ಲ. ನನ್ನ ಬೆರಳು ನೋಡಿದರೆ ರಾಜನ ಮನೆಯ ಹೆಂಗಸು ಅನ್ನಬೇಕು.

ನನ್ನ ಕತೆಗಳೆಲ್ಲ ಕಾಡಿನವು. ನಮ್ಮ ಯಜಮಾನ ಜೇನು ಬಿಡಿಸುತ್ತಿದ್ದ ಮನುಷ್ಯ. ಹಳ್ಳದ ಆಚೆ ಹದಿನೈದು ದಿನ ಒಬ್ಬನೇ ಇದ್ದು ಬರುತ್ತಿದ್ದ. ಬಂದು ಬಚ್ಚಲಲ್ಲಿ ಕೂತು ಬೆನ್ನು ಉಜ್ಜಿಸಿಕೊಳ್ಳುತ್ತಾ ಕರಡಿ, ಚಿರತೆ, ಆನೆ ಎಲ್ಲ ಹೇಳುತ್ತಿದ್ದ. ಅವನು ಹೇಳಿದಾಗ ಕರಡಿ ನಾಯಿಯಷ್ಟಿರುತ್ತಿತ್ತು. ಅವನು ಹೋದ ಮೇಲೆ ನಾನು ಸಾಕಿ ಬೆಳೆಸಿ ಆನೆಯಷ್ಟು ಮಾಡಿದೆ.

ಎದುರು ಮನೆಯ ನಿಂಗಾಜಮ್ಮನಿಗೆ ಇದೇ ಕಣ್ಣುರಿ. ಅವಳೂ ನನ್ನ ವಯಸ್ಸಿನವಳೇ, ನನ್ನ ಹಾಗೇ ಒಂಟಿ. ನಾನು ಬಾಯಿ ಬಿಟ್ಟರೆ ಸಾಕು, "ಸುಳ್ಳು" ಅನ್ನುವಳು. ಮುಂದಿನ ಮಾತಿಗೆ ಮತ್ತೆ "ಸುಳ್ಳು". ಆವತ್ತು ನಾನು ಚಿರತೆಯ ಕತೆ ಹೇಳುತ್ತಿದ್ದೆ. ಮರದ ಮೇಲೆ ನಮ್ಮ ಯಜಮಾನ, ಅವನ ಮೇಲಿನ ಕೊಂಬೆಯಲ್ಲಿ ಚಿರತೆ.

"ತಡಿ ತಡಿ," ಅಂದಳು ನಿಂಗಾಜಿ. "ಮುಂದ್ಗಡೆ ಎರಡು ಕಾಲಲ್ಲಿ ಮರ ತಬ್ಕೊಂಡಿತ್ತು ಅಂದೆ. ಹಿಂದ್ಗಡೆ ಎರಡು ಕಾಲಲ್ಲಿ ಕೊಂಬೆ ಹಿಡ್ಕೊಂಡಿತ್ತು ಅಂದೆ. ಮತ್ತೆ ನಿನ್ನ ಗಂಡನ ಕೆನ್ನೆಗೆ ಹೊಡೆದದ್ದು ಯಾವ ಕಾಲಲ್ಲೇ?"

"ಐದನೇದ್ರಲ್ಲಿ," ಅಂದೆ ನಾನು. ಕತೆ ಹೇಳುವವಳು ಹಿಂದೆ ಸರಿಯಬಾರದು.

ಜಗಲಿಯೆಲ್ಲ ನಕ್ಕಿತು. ನಿಂಗಾಜಿ ನಗಲಿಲ್ಲ. "ಹೊಂಬಾಳಿ, ಈ ಕಾಡೆಲ್ಲ ನಿನ್ನ ಗಂಡಂದು ಕಣೇ. ನೀನು ಕಣ್ಣಾರೆ ಕಂಡಿರೋ ಕಾಡು ಅಂದ್ರೆ ನಿನ್ನ ಹಿತ್ತಲಲ್ಲಿರೋ ಎರಡು ಹರಳು ಗಿಡ," ಅಂದಳು.

ಆಗಲೂ ಎಲ್ಲರೂ ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ನಗಲಿಲ್ಲ. ನಿಜಕ್ಕೆ ಯಾರು ನಗುತ್ತಾರೆ? ಪಚಕ್ ಪಚಕ್ ಅಂತ ಕಾಳಿನ ಸದ್ದು ಮಾತ್ರ. ನನ್ನ ಕಿವಿ ಸುಟ್ಟುಹೋಯಿತು. ಇದಕ್ಕೆ ಸೇಡು ತೀರಿಸಿಕೊಳ್ಳದಿದ್ದರೆ ನಾನು ಆ ಮಣೆಯ ಮೇಲೆ ಕೂರಲು ಲಾಯಕ್ಕಲ್ಲ ಅನ್ನಿಸಿತು.

"ಮೂಗಹಳ್ಳದ ಆಚೆ ಹೋಗಿ ಐದು ದಿನ ಒಬ್ಬಳೇ ಇದ್ದು ಬತ್ತೀನಿ," ಅಂದೆ. "ನನ್ನ ಸ್ವಂತದ ಕತೆ ತತ್ತೀನಿ. ಆಗ ಏನ್ ಮಾಡ್ತೀಯ?"

"ಬದುಕಿ ಬಂದ್ರೆ ನೀನು ಸಾಯೋಗಂಟ ನಿನ್ನ ಪಾಲಿನ ಕಾಳು ನಾನು ಹಿತುಕ್ತೀನಿ. ಸುಳ್ಳು ಅಂತ ಬಾಯಿ ಬಿಡಲ್ಲ. ಹಳ್ಳ ದಾಟದೆ ಬಂದ್ರೋ, ಮಣೆ ನಂದು. ನಾನು ಹೇಳ್ತೀನಿ, ನೀನು ಹಿತುಕ್ಬೇಕು."

"ಆಗ್ಲಿ ಕಣೇ," ಅಂದೆ.

ಜವನಯ್ಯನ ಸೊಸೆ ಈರತಾಯಿ ನನ್ನ ಸೆರಗು ಹಿಡಿದಳು. "ಬ್ಯಾಡ ಅತ್ತೆ, ಕಾಡಲ್ಲಿ ನಿಮ್ಗೆ ಯಾರು ಕಾಫಿ ಕಾಸ್ಕೊಡ್ತಾರೆ?" ಅಂದಳು. ಒಳ್ಳೆಯ ಹುಡುಗಿ. ಆ ಪ್ರಶ್ನೆ ನನಗೂ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹುರಿಹಿಟ್ಟು, ಬೆಲ್ಲ, ಕುಡುಗೋಲು, ಕಂಬಳಿ, ಬೆಂಕಿಪೊಟ್ಟಣ, ಎಲೆಯಡಿಕೆ ಚೀಲ ಕಟ್ಟಿಕೊಂಡು ಹೊರಟೆ. ಮಂಜು ಎಷ್ಟು ಕವಿದಿತ್ತೆಂದರೆ, ಕೈ ಚಾಚಿದರೆ ಕೈ ವಾಪಸ್ ಬರುತ್ತದೋ ಇಲ್ಲವೋ ಅನ್ನುವ ಹಾಗಿತ್ತು. ಬಾಯಿ ಮುಚ್ಚಿಕೊಂಡು ನಡೆದೆ, ನಡೆದೆ. ಹಳ್ಳ ಬಂತು. ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ದಾಟಿದೆ. ಇನ್ನೂ ಸ್ವಲ್ಪ ಒಳಗೆ ಹೋಗೋಣ ಅಂತ ನಡೆದರೆ ಇನ್ನೊಂದು ಹಳ್ಳ ಸಿಕ್ಕಿತು. ಅದನ್ನೂ ದಾಟಿದೆ. ಒಂದು ದಾಟು ಅಂದರೆ ಎರಡು ದಾಟಿದ್ದೇನೆ, ಬಾ ನಿಂಗಾಜಿ ನೋಡು ಅಂದುಕೊಂಡೆ. ಒಂದು ದೊಡ್ಡ ಬಂಡೆ, ಅದರ ಕೆಳಗೆ ಮಳೆ ತಾಗದ ಜಾಗ ಸಿಕ್ಕಿತು. ಅಲ್ಲೇ ಒಲೆ ಹೂಡಿದೆ. ಇನ್ನು ನನ್ನ ಬಾಯಿಗೆ ಬೇಲಿ ಇಲ್ಲ ಅಂತ ಬಾಯಲ್ಲಿದ್ದ ಎಲೆಯಡಿಕೆ ಉಗಿದೆ.

ಅಲ್ಲಿ ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು, ನಾನು ಬಂದು ಏನಾಯಿತು ಅಂತ ಹೇಳಿದೆನೋ ಅದನ್ನು ಕೇಳಿ. ಎರಡೂ ಬೇರೆ ಬೇರೆ.

ಶನಿವಾರ ಬೆಳಿಗ್ಗೆ ತಲೆಯಲ್ಲಿ ಎಲೆ ಕಡ್ಡಿ ಸಿಕ್ಕಿಸಿಕೊಂಡೇ ಊರಿಗೆ ಬಂದೆ. ಕೆಲವು ತಾನಾಗಿ ಸಿಕ್ಕಿದ್ದವು, ಕೆಲವು ಊರ ಬಾಗಿಲಲ್ಲಿ ನಾನೇ ಸಿಕ್ಕಿಸಿಕೊಂಡೆ. ಮಧ್ಯಾಹ್ನ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರೂ ಬಂದು ಬಾವಿಕಟ್ಟೆಯ ಮೇಲೆ ಕೂತರು. ನಾನು ಹೇಳಿದೆ. ಸೂರ್ಯ ಹುಟ್ಟಿ ಮುಳುಗುವವರೆಗೆ ಕರಡಿಯ ಜೊತೆ ಕುಸ್ತಿ ಮಾಡಿದ್ದು. ಕೊನೆಗೆ ಅದನ್ನು ಸೆರಗಿನಲ್ಲಿ ಮರಕ್ಕೆ ಕಟ್ಟಿ, ಬುದ್ಧಿ ಹೇಳಿ ಕಳಿಸಿದ್ದು. ದಿಂಬು ಅಂತ ತಲೆಯಿಟ್ಟು ಮಲಗಿದ್ದು ಹೆಬ್ಬಾವಾಗಿದ್ದು, ಪಾಪ, ಅದು ನನಗೆ ಎಚ್ಚರವಾಗದಿರಲಿ ಅಂತ ಅಲ್ಲಾಡದೆ ಇದ್ದದ್ದು. ಬೆಳಗಾಗುತ್ತಲೇ ಕೂಗುತ್ತಿದ್ದ ಕುರಿಯಷ್ಟು ದೊಡ್ಡ ಕಾಡುಕೋಳಿ. ಹುರಿಹಿಟ್ಟು ಮುಗಿದು ಹಸಿವಿನಿಂದ ಕಣ್ಣು ಕತ್ತಲೆ ಬಂದಾಗ ಬಂಡೆಯ ಮೇಲೆ ಮುತ್ತುಗದ ಎಲೆಯಲ್ಲಿ ವನದೇವತೆಯೇ ಬಿಸಿ ಊಟ ಬಡಿಸಿ ಮಾಯವಾದದ್ದು.

ನಿಂಗಾಜಿ ನನ್ನ ಪಕ್ಕದಲ್ಲೇ ಕೂತು ನನ್ನ ಪಾಲಿನ ಕಾಳು ಹಿತುಕುತ್ತಿದ್ದಳು. ಸುಳ್ಳು ಅನ್ನಲಿಲ್ಲ. "ಆಹಾ," ಅಂದಳು. "ಹೌದೇನೇ," ಅಂದಳು. "ಕರಡಿ ಎಷ್ಟೆತ್ತರ ಇತ್ತು ಅಂದೆ?" ಅಂತ ಕೇಳಿ, ನಾನು ಮನೆಯ ಸೂರು ತೋರಿಸಿದರೆ "ಅಷ್ಟೇನಾ?" ಅಂದಳು. ಸೋತವಳ ಮುಖ ಹಾಗಿರುತ್ತದೆಯೇ? ಉಪ್ಪಿಲ್ಲದ ಸಾರು ಉಂಡ ಹಾಗಾಗುತ್ತಿತ್ತು ನನಗೆ. ಆದರೂ ಗೆದ್ದೆನಲ್ಲ ಅಂತ ಭಾನುವಾರ ಅದೇ ಕತೆ ಇನ್ನೊಂದು ಸಲ ಹೇಳಿದೆ. ಕರಡಿಗೆ ಒಬ್ಬ ತಮ್ಮನೂ ಬಂದ.

ಸೋಮವಾರ ಮಧ್ಯಾಹ್ನ ಮೂರನೇ ಸಲ ಹೇಳುತ್ತಿದ್ದೆ. ಹಳ್ಳ ದಾಟುವ ಜಾಗಕ್ಕೆ ಬಂದಿದ್ದೆ. ಬಾವಿಕಟ್ಟೆಯ ಮೇಲಿನಿಂದ ಯಾರೋ ಹೆಂಗಸು ಕ್ಯಾಕರಿಸಿ ಉಗಿದ ಸದ್ದಾಯಿತು. ಆಮೇಲೆ ದನಿ.

"ನಿಂಗಾಜೀ! ಏ ನಿಂಗಾಜೀ! ನಿನ್ನ ಕೈಲಿ ಅವರೆಕಾಳು ಹಿತುಕಿಸಿ ಹಿತುಕಿಸಿ ನಿನ್ನ ಬೆರಳು ಕರಗಿಸ್ಲಿಲ್ಲ ಅಂದ್ರೆ ನಾನು ಹೊಂಬಾಳೀನೇ ಅಲ್ಲ! ನನ್ನ ಹರಳು ಗಿಡದ ಸುದ್ದಿಗೆ ಬತ್ತೀಯಾ?"

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅದರಿಂದ ಮಾತು ಬರುತ್ತಿರಲಿಲ್ಲ. ಮಾತೆಲ್ಲ ಮೇಲಿನಿಂದ ಬರುತ್ತಿತ್ತು.

"ಅಕ್ಕ," ಅಂದ ಜವನಯ್ಯ, ಬೀಡಿ ಆರಿಸಿ. "ಹಳ್ಳ ದಾಟಿದ್ಯಾ?"

"ಎರಡು ಸಲ ದಾಟಿದ್ದೀನಿ ಕಣಪ್ಪಾ!"

ಜವನಯ್ಯ ಹಣೆ ಚಚ್ಚಿಕೊಂಡ. "ಅಲ್ಲೇ ಕೆಟ್ಟಿದ್ದು ನೋಡು. ಕೋಳಿಗುಡ್ಡದ ಹತ್ರ ಆ ಹಳ್ಳ ಕುಡುಗೋಲಿನಂಗೆ ಬಾಗೈತೆ. ಒಂದ್ಸಲ ದಾಟಿದ್ರೆ ಆಚೆ ದಡ. ಇನ್ನೊಂದ್ಸಲ ದಾಟಿದ್ರೆ ಮತ್ತೆ ಈಚೆ ದಡ. ನೀನು ಐದು ದಿನ ಇದ್ದದ್ದು ನಮ್ಮ ಗುಡ್ಡದ ಹಿಂದ್ಗಡೆ. ಆ ಕುರಿಯಷ್ಟು ದೊಡ್ಡ ಕೋಳಿ ನಮ್ಮನೇದು."

ಜಗಲಿ ಬಿದ್ದು ಬಿದ್ದು ನಕ್ಕಿತು. ಈರತಾಯಿ ನಗುತ್ತಾ ನಗುತ್ತಾ ಬೋಗುಣಿಯನ್ನೇ ಉರುಳಿಸಿದಳು. ನಾನು ನಿಂಗಾಜಿಯನ್ನು ನೋಡಿದೆ. ಅವಳು ತಲೆ ಎತ್ತದೆ ಹಿತುಕುತ್ತಿದ್ದಳು.

"ನಿಂಗೆ ಗೊತ್ತಿತ್ತು," ಅಂದೆ.

"ನೀನು ಹೋದ ದಿನಾನೇ ಗುಡ್ಡದ ಹಿಂದೆ ಹೊಗೆ ಎದ್ದಿದ್ದು ಕಂಡೆ. ಹೋಗಿ ಇಣುಕಿ ನೋಡ್ದೆ. ಬಂಡೆ ಕೆಳಗೆ ಕೂತ್ಕೊಂಡು ನನ್ನ ಬೈತಿದ್ದೆ. ನಾನ್ಯಾಕೆ ಬಾಯಿ ಬಿಡ್ಲಿ? ಎಂಟು ದಿನ ಕಾಯೋದೇನು ದೊಡ್ಡದಾ?" ಅವಳು ಒಂದು ಬೇಳೆ ಚಿಮ್ಮಿಸಿದಳು. "ಹೇಳೇ, ಕತೆ ನಿಲ್ಲಿಸ್ಬೇಡ. ಕರಡಿ ನಾಳೆ ಬತ್ತದೆ."

ಸೇಡು ಅಂದರೆ ಅದು. ನನ್ನ ಬಾಯಿಂದಲೇ ನನ್ನನ್ನು ಹಿತುಕಿದಳು. ನಾನು ಮಣೆಯಿಂದ ಇಳಿಯಲು ಹೋದರೆ, "ಕೂತ್ಕೋ. ಐದು ದಿನದ್ದೂ ಮುಗೀಲಿ. ಆಮೇಲೆ ಮಣೆ ಲೆಕ್ಕ," ಅಂದಳು.

ಮಂಗಳವಾರ ಪಕ್ಕದೂರಿನವರೂ ಬಂದಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಬಂತು ನನ್ನ ಕರಡಿ.

"ಬಾರೋ ಕರಡೀ! ಬಾ! ನನ್ನ ಕೈಲಿ ಕುಡುಗೋಲದೆ! ಅಯ್ಯಯ್ಯೋ ಬರ್ಬೇಡ ಕಣಪ್ಪಾ, ನಾನು ಬಡವಿ, ಒಣಕಲು, ನಿನ್ನ ಹಲ್ಲಿಗೂ ಸಾಲಲ್ಲ..." ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೇರೆಯೇ ದನಿ. "ಥೂ, ಎಮ್ಮೆ ಕರಾ! ಯಾರ ಮನೇದೋ ನೀನು? ಬಾ ಬಾ, ಬೆಲ್ಲ ತಿನ್ನು."

"ನಮ್ದು!" ಅಂತ ಜವನಯ್ಯ ಎದ್ದು ನಿಂತ. "ಮೂರು ದಿನ ಕಳೆದೋಗಿತ್ತು ಕಣಕ್ಕ ಅದು! ಅದಕ್ಕೇ ಈಗ ಬೆಲ್ಲ ಇಲ್ದೆ ಹುಲ್ಲು ಮುಟ್ಟಲ್ಲ ಅಂತದೆ!"

ನಾನೂ ನಕ್ಕುಬಿಟ್ಟೆ. ಏನು ಮಾಡಲಿ, ಚೆನ್ನಾಗಿತ್ತು. ನಾನು ಹೇಳಿದ ಕರಡಿಗಿಂತ ಮೇಲಿನಿಂದ ಬಂದ ಕರಡಿಯೇ ಚೆನ್ನಾಗಿತ್ತು.

ಬುಧವಾರ ಬಂದದ್ದು ಊಟದ ಮಾತು. ಕಾಡಿನಲ್ಲಿ ಆವತ್ತು ಹುರಿಹಿಟ್ಟು ಮುಗಿದಿತ್ತು. ಮುಖ ತೊಳೆದು ಬರುವಷ್ಟರಲ್ಲಿ ಬಂಡೆಯ ಮೇಲೆ ಎಲೆಯಲ್ಲಿ ಎರಡು ಮುದ್ದೆ, ಪಕ್ಕದಲ್ಲಿ ಕುಡಿಕೆಯ ತುಂಬ ಹಿತುಕಿದವರೆ ಸಾರು ಇದ್ದದ್ದು ನಿಜ, ಆಣೆ ಮಾಡಿ ಹೇಳುತ್ತೇನೆ. ವನದೇವತೆ ಅಂತ ಕೈ ಮುಗಿದು ಉಂಡಿದ್ದೆ. ಈಗ ಊರೆಲ್ಲ ಕೇಳುತ್ತಿತ್ತು, ನಾನು ಸೊರ್ ಅಂತ ಸಾರು ಹೀರುವುದು, ಬೆರಳು ನೆಕ್ಕುವುದು. ಆಮೇಲೆ ನನ್ನ ದನಿ ಹೇಳಿತು, "ತಾಯೀ ವನದೇವತೆ, ಸಾರು ಅಮೃತ. ನನ್ನ ಕೈಗೆ ಯಾವತ್ತೂ ಈ ಸೊಗಡು ಹತ್ತಲಿಲ್ಲ. ಆದ್ರೆ ಉಪ್ಪು ಒಂದು ಹರಳು ಜಾಸ್ತಿ ಹಾಕಿದ್ದೀಯ. ಥೇಟು ನಮ್ಮ ನಿಂಗಾಜಿ ಹಂಗೆ."

ಜಗಲಿಯ ಮೇಲಿದ್ದವರು, ಕಟ್ಟೆಯ ಮೇಲಿದ್ದವರು, ಬಾವಿಗೆ ಕೊಡ ಇಳಿಸಿದ್ದವರು, ಎಲ್ಲರೂ ಒಟ್ಟಿಗೆ ನಿಂಗಾಜಿಯ ಕಡೆ ತಿರುಗಿದರು.

"ನನ್ನನ್ಯಾಕೆ ನೋಡ್ತೀರಿ?" ಅಂದಳು ನಿಂಗಾಜಿ. ಕಿವಿಯವರೆಗೂ ಕೆಂಪಾಗಿದ್ದಳು. "ಗುಡ್ಡದ ಹಿಂದೆ ಹೆಣ ಬಿದ್ರೆ ನಾಳೆ ಸೌದೆಗೆ ಹೋಗೋರು ಯಾರು? ಅದಕ್ಕೆ ಇಟ್ಟೆ. ಉಪ್ಪು ಸರಿಯಾಗೇ ಇತ್ತು."

ಗುರುವಾರದಿಂದ ನನಗೆ ನಗು ಬರಲಿಲ್ಲ. ಯಾಕೆಂದರೆ ಗುರುವಾರ, ಶುಕ್ರವಾರ ಕಾಡಿನಲ್ಲಿ ಏನೇನು ಆಡಿದ್ದೆ ಅನ್ನುವುದು ನನಗೆ ಗೊತ್ತಿತ್ತಲ್ಲ. ಕರಡಿ ಎಮ್ಮೆ ಕರುವಾದರೆ ಮಾನ ಹೋಗುವುದಿಲ್ಲ, ಕತೆ ಒಂದು ಹೆಚ್ಚಾಗುತ್ತದೆ. ಶುಕ್ರವಾರದ ಮಾತು ಅಂಥದ್ದಲ್ಲ. ಅದು ನಿಂಗಾಜಿಗೆ ಆಡಿದ್ದು. ಅವಳು ಅದನ್ನು ಕೇಳಿದರೆ, ಇಪ್ಪತ್ತು ವರ್ಷ ದಿನಕ್ಕೆ ಎರಡು ಸಲ ಜಗಳವಾಡಿ ನಾನು ಕಟ್ಟಿಕೊಂಡಿದ್ದ ಠೀವಿಯೆಲ್ಲ ಒಂದೇ ಗಳಿಗೆಯಲ್ಲಿ ಬಾವಿಗೆ ಬೀಳುತ್ತಿತ್ತು. ಆಮೇಲೆ ಅವಳ ಮುಖ ಹೇಗೆ ನೋಡುವುದು? ಅವಳು ಕನಿಕರದಿಂದ ನೋಡಿದರೆ ಅದಕ್ಕಿಂತ ಕರಡಿಯೇ ವಾಸಿ.

ಗುರುವಾರದ್ದು ಬಂತು. ನಾನು ಎಮ್ಮೆ ಕರುವಿಗೆ ಚಿರತೆಯ ಕತೆ ಹೇಳುತ್ತಿದ್ದೆ. ಮುಂದಿನ ಎರಡು ಕಾಲಲ್ಲಿ ಮರ ತಬ್ಬಿಕೊಂಡಿತು, ಹಿಂದಿನ ಎರಡು ಕಾಲಲ್ಲಿ ಕೊಂಬೆ ಹಿಡಿಯಿತು, ನಮ್ಮ ಯಜಮಾನನ ಕೆನ್ನೆಗೆ ಹೊಡೆಯಿತು. ಅಲ್ಲಿಗೆ ನಿಲ್ಲಿಸಿದೆ. ಕಾದೆ. ಕರು ಸುಮ್ಮನೆ ಮೆಲುಕು ಹಾಕುತ್ತಿದ್ದಿರಬೇಕು. ಆಮೇಲೆ ನಾನೇ ಮೂಗು ಹಿಡಿದುಕೊಂಡು ನಿಂಗಾಜಿಯ ದನಿ ತೆಗೆದೆ. "ಯಾವ ಕಾಲಲ್ಲೇ?" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಚೆನ್ನಾಗಿ ಅವಳ ಹಾಗೇ ಆಡಿದ್ದೆ. ನಿಂಗಾಜಿ ನಗಲಿಲ್ಲ. ಅವಳ ಬೆರಳು ಕಾಳಿನ ಮೇಲೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆಯೇ ಅವಳ ಮನೆಗೆ ಓಡಿದೆ. "ನಿಂಗಾಜೀ, ಮೂಡಲೂರಿಂದ ಆಳು ಬಂದಿದ್ದ. ನಿನ್ನ ತಂಗಿ ಮಗಳಿಗೆ ಹೆರಿಗೆ ನೋವಂತೆ. ಈಗಿಂದೀಗ್ಲೇ ಹೊರಡ್ಬೇಕಂತೆ," ಅಂದೆ.

"ನಂಗೆ ತಂಗೀನೇ ಇಲ್ಲ. ತಂಗಿ ಮಗಳು ಎಲ್ಲಿಂದ ಬಂದ್ಳೇ?"

ಇಷ್ಟು ವರ್ಷ ಸುಳ್ಳು ಹೇಳಿದವಳು ಆವತ್ತೇ ಎಡವಬೇಕೇ? ಅಲ್ಲಿಂದ ಮನೆ ಮನೆಗೂ ಹೋದೆ. ಮಧ್ಯಾಹ್ನ ಆ ಹೊತ್ತಿಗೆ ಎಲ್ಲರೂ ತಪ್ಪಲೆ, ತಟ್ಟೆ, ಕೊಳಗ ಏನು ಸಿಕ್ಕಿದರೆ ಅದು ಬಡಿಯಬೇಕು, ಬಡಿದವರ ಮನೆಗೆ ಬಂದು ತಿಂಗಳು ಪೂರ್ತಿ ಕತೆ ಹೇಳುತ್ತೇನೆ ಅಂತ ಕೈ ಮುಗಿದೆ. ಈರತಾಯಿ ತನ್ನ ಅತ್ತೆಯ ಕಾಲದ ಹಿತ್ತಾಳೆ ಹಂಡೆಯನ್ನೇ ಹೊರಿಸಿಕೊಂಡು ಬಂದಳು. ಜವನಯ್ಯ ತಮಟೆ ಕಾಸಿ ತಂದ. ಹೊತ್ತಾಯಿತು. ನಾನು ಕೈ ಎತ್ತಿದೆ. ನಿಂಗಾಜಿ ಕಾಳಿನ ಬೋಗುಣಿಯಿಂದ ಕಣ್ಣೂ ತೆಗೆಯದೆ ಒಂದು ಬೆರಳು ಎತ್ತಿದಳು. ಅಷ್ಟೇ. ಒಂದು ಚಮಚವೂ ಸದ್ದು ಮಾಡಲಿಲ್ಲ. ಇಪ್ಪತ್ತು ವರ್ಷ ನನ್ನ ಉಪ್ಪು ತಿಂದ ಜಗಲಿ!

ನನ್ನ ದನಿ ಬಂತು. ಅಳುತ್ತಲೇ ಆಡಿದ್ದು.

"ನಿಂಗಾಜೀ... ಹುಲಿ ಬಂದ್ರೂ ತಡ್ಕೋತೀನಿ ಕಣೇ. ಇದು ತಡ್ಕೊಳ್ಳಕ್ಕಾಗಲ್ಲ. ಈ ಮರಗಳು ಎಷ್ಟು ಹೇಳಿದ್ರೂ ಹೂಂ ಅಂತಾನೂ ಅನ್ನಲ್ಲ, ಊಹೂಂ ಅಂತಾನೂ ಅನ್ನಲ್ಲ. ಹೂಂ ಅನ್ನೋರು ಊರು ತುಂಬ ಅವ್ರೆ. ಇಲ್ಲ ಅನ್ನೋಳು ನೀನೊಬ್ಳೇ. ನಮ್ಮ ಯಜಮಾನ ಹೋದ್ಮೇಲೆ ಅವನ ಕಾಡು ಮೂರೇ ದಿನಕ್ಕೆ ಖಾಲಿ ಆಗೋಗಿತ್ತು ಕಣೇ. ನೀನು ಸುಳ್ಳು ಅಂದೆ ನೋಡು, ಅದಕ್ಕೆ ನಾನು ಇನ್ನೊಂದು ಹೇಳ್ದೆ. ನೀನು ಮತ್ತೆ ಸುಳ್ಳು ಅಂದೆ, ಮತ್ತೊಂದು ಹೇಳ್ದೆ. ಆ ಐದನೇ ಕಾಲು ನಂದಲ್ಲ, ನೀನು ಕೇಳಿದ್ದಕ್ಕೆ ಹುಟ್ಟಿದ್ದು. ಒಂದ್ಸಲ ಬಾರೇ. ಬಂದು ಒಂದೇ ಒಂದ್ಸಲ ಸುಳ್ಳು ಅನ್ನು. ಸಾಕು. ನಾನು ಮನೆಗೆ ಬತ್ತೀನಿ."

ಅಷ್ಟೇ ಇದ್ದದ್ದು. ಆಮೇಲೆ ಮೂಗು ಸೀನಿದ್ದು ಕೇಳಿಸಿತು, ಅದೂ ಊರಿಗೆಲ್ಲ.

ನಾನು ತಲೆ ತಗ್ಗಿಸಿ ಕೂತಿದ್ದೆ. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಅಂತ ಕಾದೆ. ಒಂದು ಬೈಗುಳವಾದರೂ ಬರಲಿ. ನಿಂಗಾಜಿ ಅರ್ಧ ಹಿತುಕಿದ ಬೋಗುಣಿಯನ್ನು ಅಲ್ಲೇ ಬಿಟ್ಟು ಎದ್ದಳು. ಸೆರಗು ಕೊಡವಿ ಜಗಲಿ ಇಳಿದಳು. ಅವಳ ಹೆಜ್ಜೆ ಯಾವ ಕಡೆ ಹೋಯಿತು ಅಂತ ತಲೆ ಎತ್ತಿ ನೋಡುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಾಗಿಲು ಮುಚ್ಚಿತ್ತು, ಒಲೆಯ ಹೊಗೆ ಮಾತ್ರ ಏಳುತ್ತಿತ್ತು. ಪಂದ್ಯ ನಾನು ಸೋತಿದ್ದೆ, ಹಾಗಾಗಿ ಮಣೆಯಿಂದ ಇಳಿದು ಕೆಳಗೆ ಕೂತು ಕಾಳು ಹಿತುಕಿದೆ. ಇಪ್ಪತ್ತು ವರ್ಷದ ಮೇಲೆ ಮೊದಲನೇ ಕಾಳು ನನ್ನ ಕಣ್ಣಿಗೇ ಹಾರಿತು. ಮಣೆ ಖಾಲಿ ಬಿದ್ದಿತ್ತು. ಯಾರೂ ಕತೆ ಹೇಳಲಿಲ್ಲ. "ನೀವಾದ್ರೂ ಹೇಳಿ ಅತ್ತೆ," ಅಂದಳು ಈರತಾಯಿ. ಬಾಯಿ ತೆರೆದೆ. ಚಿರತೆ ಬಂತು, ನಾಲ್ಕು ಕಾಲಲ್ಲಿ ನೆಟ್ಟಗೆ ನಡೆದು ಹೋಯಿತು. ಅಷ್ಟಕ್ಕೆ ಕತೆ ಮುಗಿಯಿತು. ವಾರವೆಲ್ಲ ನನ್ನ ಜಗಲಿಯಲ್ಲಿ ಪಚಕ್ ಪಚಕ್ ಬಿಟ್ಟರೆ ಸದ್ದಿಲ್ಲ. ಕಾಡಿನ ಐದು ದಿನಕ್ಕಿಂತ ಊರಿನ ಆ ಏಳು ದಿನ ಉದ್ದ.

ಮುಂದಿನ ಶುಕ್ರವಾರ ಮಧ್ಯಾಹ್ನ ನಿಂಗಾಜಿ ಬಂದಳು. ಮಡಿಲು ತುಂಬುವಷ್ಟು ಅಗಲದ ಬೋಗುಣಿ, ಅದರ ತುಂಬ ನೆನೆಸಿದ ಕಾಳು. ಯಾರ ಮುಖವನ್ನೂ ನೋಡದೆ ಗೋಡೆಯ ಮೂಲೆಗೆ ಒರಗಿ ಕೂತು ಹಿತುಕತೊಡಗಿದಳು. ಇಷ್ಟು ಕಾಳು ಯಾಕೆ ತಂದಳು, ಇದು ಇಬ್ಬರ ಪಾಲಿನಷ್ಟಿದೆಯಲ್ಲ ಅಂದುಕೊಂಡೆ, ಅಷ್ಟೇ.

ಬಿಸಿಲು ಜಗಲಿಯ ಅಂಚಿಗೆ ಬಂತು. ಬಾವಿಕಟ್ಟೆಯ ಮೇಲೆ ಯಾರೋ ಏದುಸಿರು ಬಿಡುವ ಸದ್ದು. ಗುಡ್ಡ ಹತ್ತಿದವರ ಉಸಿರು. ಆಮೇಲೆ ಅದೇ ದನಿ, ಒರಟು ದನಿ, ಮೂಲೆಯಲ್ಲಿ ತುಟಿ ಬಿಗಿದು ಕೂತಿದ್ದವಳ ದನಿ.

"ಹೊಂಬಾಳೀ! ಸುಳ್ಳು!"

ಕೈಯಲ್ಲಿದ್ದ ಕಾಳು ಬಿದ್ದುಹೋಯಿತು.

"ಸುಳ್ಳು ಕಣೇ ಸುಳ್ಳು! ಕರಡಿ ಸುಳ್ಳು, ಹೆಬ್ಬಾವು ಸುಳ್ಳು, ವನದೇವತೆ ಸುಳ್ಳು! ಉಪ್ಪು ಜಾಸ್ತಿ ಅಂದ್ಯಲ್ಲ, ಅದಂತೂ ದೊಡ್ಡ ಸುಳ್ಳು! ಎದುರಿಗೆ ಹೇಳಕ್ಕೆ ನಂಗೆ ನಾಚ್ಕೆ, ಅದಕ್ಕೆ ಇಲ್ಲಿಗೆ ಬಂದು ಕೂಗ್ತಿದ್ದೀನಿ. ನಿನ್ನ ಮಾತು ಊರೆಲ್ಲ ಕೇಳ್ತು. ನಂದೂ ಕೇಳ್ಲಿ. ಸಮ ಆಯ್ತು. ನೀನಿಲ್ದೆ ಆ ಐದು ದಿನ ನಂಗೂ ಬಾಯಿಗೆ ಕೆಲ್ಸ ಇರ್ಲಿಲ್ಲ. ಎಷ್ಟು ಸಲ ಆ ಬಂಡೆ ಹಿಂದೆ ಬಂದು ಕೂತಿದ್ದೆ ಗೊತ್ತಾ? ಸುಳ್ಳು ಅನ್ನಕ್ಕೆ ನಾಲಿಗೆ ನವೆ ಆಯ್ತಿತ್ತು, ಬಾಯಿಗೆ ಸೆರಗು ತುರುಕ್ಕೊಂಡಿದ್ದೆ." ಏದುಸಿರು. "ಮಣೆ ಗೆದ್ದೋಳು ನಾನು. ಅದ್ರ ಮೇಲೆ ಯಾರು ಕೂರ್ಬೇಕು ಅಂತ ನಾನು ಹೇಳ್ತೀನಿ. ಹೋಗಿ ಕೂತ್ಕೋ. ಕಾಳು ನಾನು ತಂದಿರ್ತೀನಿ. ಚಿರತೆಗೆ ನಾಲ್ಕೇ ಕಾಲು ಕಣೇ ಹೊಂಬಾಳಿ. ನಾಲ್ಕೇ!"

ಈರತಾಯಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಜವನಯ್ಯ ಬೀಡಿ ಹಚ್ಚುವುದನ್ನು ಮರೆತು ಬೆಂಕಿಕಡ್ಡಿಯಿಂದ ಬೆರಳು ಸುಟ್ಟುಕೊಂಡ. ನಿಂಗಾಜಿ ಮಾತ್ರ, ಆ ದನಿ ಯಾವಳದೋ ಏನೋ ಅನ್ನುವ ಹಾಗೆ ಬಗ್ಗಿ ಹಿತುಕುತ್ತಲೇ ಇದ್ದಳು. ಬೇಳೆ ಒಂದೂ ಬೋಗುಣಿಗೆ ಬೀಳುತ್ತಿರಲಿಲ್ಲ.

ನಾನು ಎದ್ದೆ. ಸೆರಗಿನಿಂದ ಮಣೆಯ ಧೂಳು ಒರೆಸಿದೆ. ಕೂತೆ. ಕಾಲು ಚಾಚಿಕೊಂಡೆ. ಎಲೆಗೆ ಸುಣ್ಣ ಹಚ್ಚಿ ಮಡಿಚಿ ಬಾಯಿಗಿಟ್ಟುಕೊಂಡೆ. ಆತುರ ಏನಿದೆ?

"ಒಂದು ಕಾಡಲ್ಲಿ ಒಂದು ಚಿರತೆ ಇತ್ತು ಕಣ್ರವ್ವಾ," ಅಂದೆ. "ಅದಕ್ಕೆ ಆರು ಕಾಲು."

ನಿಂಗಾಜಿ ಬೋಗುಣಿ ಕೆಳಗಿಟ್ಟಳು.